ಒಬ್ಬರ ಅಕ್ಷರ ಇನ್ನೊಬ್ಬರ ಕೈಗೆ

ಹೈದರಾಬಾದಿಗೆ ಬಂದು ಮೂರು ದಶಕ ದಾಟಿದ ಮೇಲೂ ಈ ಊರಿನ ಕೆಲವು ಓಣಿಗಳು ನನಗೆ ಹೊಸವೇ. ರಾಜಭವನದ ಹತ್ತಿರದ ಎಂ.ಎಸ್. ಮಕ್ತಾ ಅಂಥದ್ದೊಂದು. 2016ರಲ್ಲಿ ಸ್ಟಾರ್ಟ್ ಇಂಡಿಯಾ ಎಂಬ ಸಂಸ್ಥೆಯವರು ಕಲಾವಿದರನ್ನು ಕರೆಸಿ ಅಲ್ಲಿನ ಮನೆ ಗೋಡೆಗಳಿಗೆಲ್ಲ ಬಣ್ಣದ ಚಿತ್ರ ಬರೆಸಿದರು. ಅಂದಿನಿಂದ ಅದಕ್ಕೆ ಮಕ್ತಾ ಆರ್ಟ್ ಡಿಸ್ಟ್ರಿಕ್ಟ್ ಅನ್ನೋ ಹೆಸರೂ ಬಂತು. ಒಂದು ಭಾನುವಾರ ಸುಮ್ಮನೆ ಆ ಕಡೆ ಹೋಗಿದ್ದೆ. ಗೋಡೆಯ ಚಿತ್ರಗಳಿಗಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಜಗಲಿಯ ಮೇಲೆ ಕೂತಿದ್ದ ಇಬ್ಬರು ಹುಡುಗರು. ಇಬ್ಬರ ಕೈಯಲ್ಲೂ ಕಪ್ಪು ರಟ್ಟಿನ ದಪ್ಪ ಪುಸ್ತಕ. ಇವನ ಪುಸ್ತಕ ಅವನ ತೊಡೆಯ ಮೇಲೆ, ಅವನದು ಇವನ ತೊಡೆಯ ಮೇಲೆ. ಅದಲುಬದಲಾದ ಪುಸ್ತಕದಲ್ಲಿ ಇಬ್ಬರೂ ತಲೆ ತಗ್ಗಿಸಿಕೊಂಡು ಅಕ್ಷರ ಬರೆಯುತ್ತಿದ್ದರು. ಉಬ್ಬಿದ, ತಿರುಚಿದ, ಒಂದರೊಳಗೊಂದು ಹೆಣೆದುಕೊಂಡ ಅಕ್ಷರ. ಏನು ಬರೆದಿದ್ದೀಯಪ್ಪಾ ಅಂತ ಕೇಳಿದರೆ ಒಬ್ಬ ನಕ್ಕು, "ಅಂಕಲ್, ಇದು ಅವನ ಹೆಸರು, ನನ್ನ ಸ್ಟೈಲ್‌ನಲ್ಲಿ. ಅವನು ಬರೆಯುತ್ತಿರೋದು ನನ್ನ ಹೆಸರು, ಅವನ ಸ್ಟೈಲ್‌ನಲ್ಲಿ. ಹೀಗೇ ಕಲಿಯೋದು" ಅಂದ.

ಹೀಗೇ ಕಲಿಯೋದು! ಮನೆಗೆ ಬರುವ ದಾರಿಯುದ್ದಕ್ಕೂ ಆ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಯಾಕೆಂದರೆ ಆ ಜಗಲಿಯಿಂದ ಕೆಲವೇ ಮೈಲಿ ದೂರದಲ್ಲಿ, ಮೂಸಿ ನದಿಯ ಆಚೆ, ಇದೇ ಕೆಲಸವನ್ನು ನಾನೂರು ವರ್ಷಕ್ಕೂ ಹೆಚ್ಚು ಕಾಲ ಮಾಡಿಕೊಂಡು ಬಂದವರು ಇದ್ದರು. ಅವರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಅದಕ್ಕೆ ಒಂದು ಮನೆಯ ಕಾರಣವೂ ಇದೆ. ಅದು ಕೊನೆಗೆ.

*

ಮೊದಲು ಈ ಹುಡುಗರ ಕಥೆ ಮುಗಿಸಿಬಿಡೋಣ. ಕಪ್ಪು ಪುಸ್ತಕದ ಈ ಪದ್ಧತಿ ಬಂದದ್ದು ಅಮೆರಿಕದಿಂದ. 1960ರ ದಶಕದ ಕೊನೆಯಲ್ಲಿ ಫಿಲಡೆಲ್ಫಿಯಾ ಮತ್ತು ನ್ಯೂಯಾರ್ಕ್‌ನ ಹುಡುಗರು ಗೋಡೆಗಳ ಮೇಲೆ ತಮ್ಮ ಅಡ್ಡಹೆಸರು ಗೀಚಲು ಶುರುಮಾಡಿದರು. 1971ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 'ಟಾಕಿ 183' ಎಂದು ಸಹಿ ಹಾಕುತ್ತಿದ್ದ ಹುಡುಗನೊಬ್ಬನ ಬಗ್ಗೆ ಬರೆಯಿತು. 183 ಅಂದರೆ ಅವನ ಬೀದಿಯ ಸಂಖ್ಯೆ. ಆಮೇಲೆ ಊರ ತುಂಬ ಸಹಿಗಳೇ. ಸಹಿ ಹೆಚ್ಚಾದಂತೆ, ಎಷ್ಟು ಕಡೆ ಬರೆದೆ ಅನ್ನುವುದಕ್ಕಿಂತ ಹೇಗೆ ಬರೆದೆ ಅನ್ನುವುದು ಮುಖ್ಯವಾಯಿತು. 1972ರ ಹೊತ್ತಿಗೆ 'ಫೇಸ್ 2' ಎಂಬ ಹೆಸರಿನವನು ಗುಳ್ಳೆಯಂತೆ ಉಬ್ಬಿದ ಅಕ್ಷರ ತಂದ. ಉಳಿದವರು ಅದನ್ನು ನೋಡಿ ಕಲಿತರು, ಬದಲಿಸಿದರು, ಬಾಣ ಸೇರಿಸಿದರು, ಹೆಣೆದರು. ಬ್ರಾಂಕ್ಸ್‌ನ 149ನೇ ಬೀದಿಯ ಗ್ರ್ಯಾಂಡ್ ಕಾನ್‌ಕೋರ್ಸ್ ರೈಲು ನಿಲ್ದಾಣದಲ್ಲಿ ಒಂದು ಬೆಂಚಿತ್ತು. ಬರೆಯುವವರೆಲ್ಲ ಅಲ್ಲಿ ಸೇರಿ, ಹಾದುಹೋಗುವ ರೈಲುಡಬ್ಬಿಗಳ ಮೇಲಿನ ಬರಹ ನೋಡುತ್ತಾ, ಒಬ್ಬರ ಪುಸ್ತಕದಲ್ಲಿ ಇನ್ನೊಬ್ಬರು ಬರೆದು ಕೊಡುತ್ತಾ ಕೂರುತ್ತಿದ್ದರು. ದೊಡ್ಡವರು ಚಿಕ್ಕವರಿಗೆ ಅಕ್ಷರದ ಹೊರಗೆರೆ ಬರೆದುಕೊಡುತ್ತಿದ್ದರು. ಅದೇ ಪಾಠ. 1984ರಲ್ಲಿ ಮಾರ್ಥಾ ಕೂಪರ್ ಮತ್ತು ಹೆನ್ರಿ ಚಾಲ್‌ಫಂಟ್ ಅವರ 'ಸಬ್‌ವೇ ಆರ್ಟ್' ಎಂಬ ಚಿತ್ರಪುಸ್ತಕ ಬಂದ ಮೇಲೆ ಆ ಬೆಂಚಿನ ವಿದ್ಯೆ ಲೋಕಕ್ಕೆಲ್ಲ ಹರಡಿತು. 1989ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನವರು ಬರಹ ಇದ್ದ ಕೊನೆಯ ರೈಲನ್ನೂ ಹಳಿಯಿಂದ ತೆಗೆದರು. ಅಷ್ಟರಲ್ಲಿ ಅಕ್ಷರ ಊರು ಬಿಟ್ಟಾಗಿತ್ತು.

ಅವರಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಕೊಟ್ಟದ್ದನ್ನು ಕಲಿಯಬಹುದು, ಕದಿಯಬಾರದು. ಇನ್ನೊಬ್ಬನ ಶೈಲಿಯನ್ನು ತನ್ನದೆಂದು ಗೋಡೆಯ ಮೇಲೆ ಬರೆದರೆ ಅದಕ್ಕೆ 'ಬೈಟಿಂಗ್' ಅನ್ನುತ್ತಾರೆ, ಅಂದರೆ ಕಚ್ಚುವುದು. ಅದಕ್ಕಿಂತ ದೊಡ್ಡ ಬೈಗುಳ ಅವರಲ್ಲಿ ಇಲ್ಲ.

*

ಇನ್ನು ಮೂಸಿಯ ಆಚೆಗೆ ಬರೋಣ. ಅಲ್ಲಿ ಈ ಕಲಿಕೆಯ ಹೆಸರು 'ಮಶ್ಖ್'. ಅರಬ್ಬಿಯಿಂದ ಪಾರಸಿಗೆ, ಪಾರಸಿಯಿಂದ ಉರ್ದುವಿಗೆ ಬಂದ ಪದ. ಅಭ್ಯಾಸ ಅಂತ ಸುಮ್ಮನೆ ಅರ್ಥ ಹೇಳಬಹುದು, ಆದರೆ ನಮ್ಮಲ್ಲೇ ಇದಕ್ಕಿಂತ ಒಳ್ಳೆಯ ಪದ ಇದೆ: ತಿದ್ದುವುದು. ನಮ್ಮಲ್ಲಿ ಮಕ್ಕಳು ಅಕ್ಷರ 'ಬರೆಯುವುದಿಲ್ಲ', 'ತಿದ್ದುತ್ತಾರೆ'. ಮರಳಿನ ಮೇಲೋ ಪಾಟಿಯ ಮೇಲೋ ಮಾಸ್ತರು ಬರೆದುಕೊಟ್ಟ ಅಕ್ಷರದ ಮೇಲೆಯೇ ಬೆರಳೋ ಬಳಪವೋ ಓಡಿಸಿ ಓಡಿಸಿ ಅದು ದಪ್ಪಗಾಗುವ ತನಕ ತಿದ್ದಿದ್ದು ನಮ್ಮ ಪೀಳಿಗೆಯವರಿಗೆಲ್ಲ ನೆನಪಿರಬೇಕು. ಪುರಾನಾ ಶಹರಿನ ಮಕ್ಕಳಿಗೆ ಪಾಟಿಯ ಬದಲು 'ತಖ್ತಿ'. ಮರದ ಹಲಗೆ, ಅದಕ್ಕೆ ಮುಲ್ತಾನಿ ಮಿಟ್ಟಿ ಬಳಿದು ಒಣಗಿಸಿ, ಬೊಂತೆಯ ಲೇಖನಿಯಿಂದ ಬರೆದು, ತೊಳೆದು, ಮತ್ತೆ ಬಳಿಯುವುದು. ಗುರು ಶಿಷ್ಯನ ಬರಹ ನೋಡಿ ತಪ್ಪು ಸರಿಮಾಡುವುದಕ್ಕೆ ಉರ್ದುವಿನಲ್ಲಿ 'ಇಸ್ಲಾಹ್' ಅನ್ನುತ್ತಾರೆ. ಮಜಾ ನೋಡಿ, ಅವರಿಗೆ ಮಶ್ಖ್ ಬೇರೆ, ಇಸ್ಲಾಹ್ ಬೇರೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ! ಮಗು ಅಕ್ಷರ ತಿದ್ದುತ್ತದೆ, ಮಾಸ್ತರು ತಪ್ಪು ತಿದ್ದುತ್ತಾರೆ.

ಪಾರಸಿಯ ಹಳೆಯ ಗ್ರಂಥಗಳಲ್ಲಿ ಮಶ್ಖ್‌ನ ಮೂರು ಮೆಟ್ಟಿಲು ಹೇಳಿದ್ದಾರೆ. ಮೊದಲನೆಯದು ಕಣ್ಣಿನ ಮಶ್ಖ್: ಉಸ್ತಾದರ ಬರಹವನ್ನು ಸುಮ್ಮನೆ ನೋಡುತ್ತ ಕೂರುವುದು, ಕೈ ಆಡಿಸುವಂತಿಲ್ಲ. ಎರಡನೆಯದು ಕಲಮಿನ ಮಶ್ಖ್: ನೋಡಿದ್ದನ್ನು ಹಾಗೆಯೇ ಬರೆಯುವುದು. ಮೂರನೆಯದು ಕಲ್ಪನೆಯ ಮಶ್ಖ್: ಮುಂದೆ ಮಾದರಿ ಇಲ್ಲದೆ ತನ್ನ ಮನಸ್ಸಿನಿಂದ ಬರೆಯುವುದು. ಸ್ವಂತಿಕೆ ಅನ್ನುವುದು ಮೂರನೆಯ ಮೆಟ್ಟಿಲಿನ ಮೇಲೆ ಇದೆ, ಮೊದಲನೆಯದರ ಮೇಲೆ ಅಲ್ಲ.

ಅಳತೆಗೆ ಏನು? ಚುಕ್ಕೆ. ಲೇಖನಿಯ ತುದಿಯನ್ನು ಕಾಗದಕ್ಕೆ ಒತ್ತಿ ಎಳೆದರೆ ವಜ್ರಾಕಾರದ ಒಂದು ಚುಕ್ಕೆ ಬೀಳುತ್ತದಲ್ಲ, ಅದೇ 'ನುಖ್ತಾ'. ನಸ್ತಲೀಖ್ ಶೈಲಿಯಲ್ಲಿ ಅಲಿಫ್ ಅಕ್ಷರದ ಎತ್ತರ ಸುಮಾರು ಮೂರು ಚುಕ್ಕೆ. ಪ್ರತಿ ಅಕ್ಷರದ ಹೊಟ್ಟೆ ಎಷ್ಟು, ಬಾಲ ಎಷ್ಟು ಅನ್ನುವುದಕ್ಕೆಲ್ಲ ಚುಕ್ಕೆಯ ಲೆಕ್ಕ. ಹತ್ತನೆಯ ಶತಮಾನದ ಬಾಗ್ದಾದಿನಲ್ಲಿ ವಜೀರನಾಗಿದ್ದ ಇಬ್ನ್ ಮುಖ್ಲಾ ಈ ಲೆಕ್ಕವನ್ನು ಹಾಕಿಕೊಟ್ಟ ಅನ್ನುತ್ತಾರೆ. ರಾಜಕೀಯದಲ್ಲಿ ಸೋತು ಅವನ ಬಲಗೈಯನ್ನೇ ಕತ್ತರಿಸಿದರು. ಮೊಂಡುಕೈಗೆ ಲೇಖನಿ ಕಟ್ಟಿಕೊಂಡು ಬರೆದನಂತೆ. 940ರಲ್ಲಿ ಸೆರೆಮನೆಯಲ್ಲೇ ಸತ್ತ. ಅವನ ನಂತರದ ಯಾಖೂತ್ (ನಿಧನ 1298) ಇನ್ನೂ ದೊಡ್ಡ ಹೆಸರು. 1258ರಲ್ಲಿ ಮಂಗೋಲರು ಬಾಗ್ದಾದನ್ನು ಸುಡುವಾಗ ಈತ ಒಂದು ಮಿನಾರು ಹತ್ತಿ ಕೂತು, ಕಾಗದ ಸಿಗದೆ ಬಟ್ಟೆಯ ಮೇಲೆ ಅಕ್ಷರ ಅಭ್ಯಾಸ ಮಾಡುತ್ತಿದ್ದ ಎಂಬ ಕಥೆ ಇದೆ. ಊರು ಉರಿಯುವಾಗ ಅಕ್ಷರ! ಈ ಯಾಖೂತನ ಸಹಿ ಇರುವ, ಮೊಗಲ್ ಬಾದಷಹರ ಮುದ್ರೆಗಳಿರುವ ಕುರಾನಿನ ಪ್ರತಿಯೊಂದು ನಮ್ಮ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿದೆ. ಬಂದವರೆಲ್ಲ ಗಂಟೆ ಹೊಡೆಯುವ ಗಡಿಯಾರದ ಮುಂದೆ ಗುಂಪುಗೂಡುತ್ತಾರೆ. ಈ ಸಲ ಹೋದರೆ ಹಸ್ತಪ್ರತಿಗಳ ಕಡೆಗೂ ಒಮ್ಮೆ ಹೋಗಿಬನ್ನಿ.

*

ಇಷ್ಟು ದೂರದ ವಿದ್ಯೆ ದಖ್ಖನಿಗೆ ಹೇಗೆ ಬಂತು? ನಮ್ಮೂರ ಮೇಲಿಂದಲೇ ಬಂತು. ಹೈದರಾಬಾದ್ ಹುಟ್ಟುವುದಕ್ಕೆ ಎಷ್ಟೋ ಮುಂಚೆ ಬೀದರಿನಲ್ಲಿ ಇರಾನಿನ ಬರಹಗಾರರು ಕೆಲಸ ಮಾಡುತ್ತಿದ್ದರು. ಬೀದರ ಹೊರಗಿನ ಅಷ್ಟೂರಿನಲ್ಲಿ ಅಹ್ಮದ್ ಷಾ ಬಹಮನಿಯ (ನಿಧನ 1436) ಗೋರಿಯ ಒಳಗೆ ಹೋದರೆ ಗೋಡೆ, ಗುಮ್ಮಟದ ತುಂಬಾ ಬಣ್ಣ ಮತ್ತು ಬಂಗಾರದಲ್ಲಿ ಬಗೆಬಗೆಯ ಅಕ್ಷರ. ಕತ್ತಲಲ್ಲಿ ಕಾವಲುಗಾರ ಕನ್ನಡಿಯಿಂದ ಬಿಸಿಲು ಹಾಯಿಸಿದಾಗ ಒಂದೊಂದೇ ಸಾಲು ಎದ್ದು ಬರುತ್ತದೆ. (ಅಲ್ಲಿನ ಉರುಸಿಗೆ ಮಾಡ್ಯಾಳದಿಂದ ಜಂಗಮರು ಬರುತ್ತಾರೆ, ಆ ಸುಲ್ತಾನ ನಮ್ಮ ಜನಕ್ಕೆ ಅಲ್ಲಮಪ್ರಭು. ಅದು ಇನ್ನೊಂದು ದೊಡ್ಡ ಕಥೆ.) ಪಕ್ಕದ ಖಲೀಲುಲ್ಲಾನ ಚೌಖಂಡಿಯ ಬಾಗಿಲ ಮೇಲೆ ಕರಿಗಲ್ಲಿನಲ್ಲಿ ಕೊರೆದ ಸಾಲು ನೋಡಿದರೆ ಕಲ್ಲು ಅನ್ನಿಸುವುದೇ ಇಲ್ಲ, ಈಗಷ್ಟೇ ಲೇಖನಿ ಎತ್ತಿದ ಹಾಗಿದೆ. ಬರೆದವನು ಶಿರಾಜಿನ ಮುಘೀಸ್. 1472ರ ಮಹಮೂದ್ ಗವಾನನ ಮದರಸಾದ ಮುಂಗೋಡೆಯಲ್ಲಿ ನೀಲಿ ಹೆಂಚಿನ ಅಕ್ಷರಗಳು ಇನ್ನೂ ಉಳಿದಿವೆ. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ 1914ರಲ್ಲಿ ಶುರುವಾದಾಗ ಅದರ ಮೊದಲ ನಿರ್ದೇಶಕರಾದ ಗುಲಾಮ್ ಯಜ್ದಾನಿಯವರು ಇವನ್ನೆಲ್ಲ ಓದಿ, ಪಡಿಯಚ್ಚು ತೆಗೆಸಿ, 1947ರಲ್ಲಿ ಬೀದರಿನ ಬಗ್ಗೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು.

ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಷಾನಿಗೆ ಸಂಗೀತದಷ್ಟೇ ಅಕ್ಷರದ ಹುಚ್ಚು. ತಾನೇ ಒಳ್ಳೆಯ ಬರಹಗಾರ. ಸರಸ್ವತಿಯನ್ನು ನೆನೆದು ದಖ್ಖನಿಯಲ್ಲಿ 'ಕಿತಾಬೆ ನವ್‌ರಸ್' ಬರೆದವನು. ಇರಾನಿನಿಂದ ಬಂದ ಖಲೀಲುಲ್ಲಾ ಆ ಪುಸ್ತಕವನ್ನು ಸುಂದರವಾಗಿ ಪ್ರತಿ ಮಾಡಿಕೊಟ್ಟಾಗ ಅವನಿಗೆ 'ಲೇಖನಿಯ ಬಾದಷಹ' ಎಂಬ ಬಿರುದು ಕೊಟ್ಟ. ಇಬ್ರಾಹಿಂ ರೋಜಾದ ಕಿಟಕಿಗಳನ್ನು ನೋಡಿದ್ದೀರಲ್ಲ? ಅಲ್ಲಿ ಜಾಲಂಧ್ರವೇ ಅಕ್ಷರ. ಕಲ್ಲಿನಲ್ಲಿ ಅಕ್ಷರಗಳನ್ನೇ ಒಂದಕ್ಕೊಂದು ಕೂಡಿಸಿ, ಉಳಿದ ಕಲ್ಲು ಕೊರೆದು ತೆಗೆದು, ಸಂದಿಯಲ್ಲಿ ಬೆಳಕು ಬರುವಂತೆ ಮಾಡಿದ್ದಾರೆ. ನ್ಯೂಯಾರ್ಕ್‌ನವರು 'ವೈಲ್ಡ್ ಸ್ಟೈಲ್' ಅಂತ ಕರೆಯುವ ಹೆಣೆದ ಅಕ್ಷರಕ್ಕೆ ಇದು ಅಣ್ಣನಲ್ಲ, ಮುತ್ತಜ್ಜ.

ಗೋಲ್ಕೊಂಡದ ಕುತುಬ್ ಷಾಹಿಗಳು ಇದೇ ಹಾದಿಯಲ್ಲಿ ನಡೆದರು. ಚಾರ್ಮಿನಾರ್ ಕಟ್ಟಿದ್ದು 1591ರಲ್ಲಿ. ಮೂರೇ ವರ್ಷದ ಮೇಲೆ, ಅಲ್ಲಿಗೆ ಹತ್ತಿರದಲ್ಲೇ, ಮೊಹರಂಗಾಗಿ ಬಾದಷಾಹಿ ಅಶೂರ್‌ಖಾನಾ ಕಟ್ಟಿದರು. ಅದರ ಗೋಡೆಯ ಬಣ್ಣದ ಹೆಂಚಿನ ಕೆಲಸ ಮುಗಿದದ್ದು 1611ರಲ್ಲಿ. ಅಲ್ಲಿ ಅಲಮಿನ (ನಮ್ಮ ಕಡೆ ಮೊಹರಂ ಪಂಜಾ ಅನ್ನುತ್ತೇವಲ್ಲ) ಆಕಾರದಲ್ಲಿ ಅಕ್ಷರಗಳನ್ನು ಕೂಡಿಸಿದ್ದಾರೆ, ಎಡದಿಂದಲೂ ಬಲದಿಂದಲೂ ಕನ್ನಡಿಯಲ್ಲಿ ಕಂಡ ಹಾಗೆ. 1908ರ ಸೆಪ್ಟೆಂಬರಿನ ಮೂಸಿ ಪ್ರವಾಹದಲ್ಲಿ ನೀರು ಒಳಗೆ ನುಗ್ಗಿ ಕೆಳಗಿನ ಹೆಂಚು ಹಾಳಾದವು. ಆಮೇಲೆ ಆ ಜಾಗದಲ್ಲಿ ಮೇಲಿನ ಹೆಂಚಿನ ವಿನ್ಯಾಸವನ್ನೇ ನೋಡಿಕೊಂಡು ಬಣ್ಣದಲ್ಲಿ ಬರೆದರು. ಹತ್ತಿರ ನಿಂತು ನೋಡಿದರೆ ಮೂರು ಶತಮಾನದ ಅಂತರದ ಎರಡು ಕೈ ಒಂದರ ಕೆಳಗೊಂದು ಕಾಣುತ್ತವೆ. ಕೆಳಗಿನ ಕೈ ಮೇಲಿನದನ್ನು ತಿದ್ದುತ್ತಿದೆ, ಪಾಟಿಯ ಮೇಲಿನ ಮಗುವಿನ ಹಾಗೆ.

ಗೋಡೆ ಊರು ಬಿಟ್ಟು ಹೋಗಲಾರದು, ಕಾಗದ ಹೋಗುತ್ತದೆ. ಶೈಲಿಗಳು ಊರೂರು ಸುತ್ತಿದ್ದು ಬಿಡಿ ಹಾಳೆಗಳ ಮೇಲೆ. ನಾಲ್ಕು ಸಾಲಿನ ಪದ್ಯವೊಂದನ್ನು ಚೆನ್ನಾಗಿ ಬರೆದ ಹಾಳೆಗೆ 'ಖಿತಾ' ಅನ್ನುತ್ತಾರೆ. ಹೆರಾತಿನ ಮೀರ್ ಅಲಿಯ ಹಾಳೆಗಳೆಂದರೆ ಜಹಾಂಗೀರನಿಗೆ ಪ್ರಾಣ. ಇಸ್ಫಹಾನಿನ ಮೀರ್ ಇಮಾದನ ಕೊಲೆಯಾದದ್ದು 1615ರಲ್ಲಿ. ಅವನ ಬಂಧು ಅಬ್ದುಲ್ ರಷೀದ್ ದೈಲಮಿ ಹಿಂದೂಸ್ತಾನಕ್ಕೆ ಬಂದು ಷಹಜಹಾನನ ಆಸ್ಥಾನ ಸೇರಿ ದಾರಾ ಶಿಕೋಗೆ ಅಕ್ಷರ ಕಲಿಸಿದ. ಹೀಗೆ ಬಂದ ಹಾಳೆಗಳನ್ನೆಲ್ಲ ಅಂಚು ಕಟ್ಟಿ, ರಟ್ಟಿಗೆ ಅಂಟಿಸಿ, ಒಂದು ಪುಟ ಚಿತ್ರ, ಒಂದು ಪುಟ ಬರಹ ಅಂತ ಜೋಡಿಸಿ ಹೊಲಿದ ಪುಸ್ತಕಕ್ಕೆ 'ಮುರಕ್ಕಾ' ಅನ್ನುತ್ತಾರೆ. ಆ ಪದಕ್ಕೆ ಮೂಲದಲ್ಲಿ ತೇಪೆ ಹಾಕಿದ ಬಟ್ಟೆ ಅಂತ ಅರ್ಥ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೌದಿ! ಅವ್ವನ ಸೀರೆ, ಅಣ್ಣನ ಅಂಗಿ, ಸತ್ತ ಅಜ್ಜನ ಧೋತರ, ಎಲ್ಲ ಕೂಡಿಸಿ ಹೊಲಿದ ಕೌದಿ. ಮಕ್ತಾದ ಹುಡುಗರ ಕಪ್ಪು ಪುಸ್ತಕವೂ ಅದೇ ತಾನೇ?

ಆದರೆ ಒಂದು ವ್ಯತ್ಯಾಸ ಇದೆ, ಅದು ಸಣ್ಣದಲ್ಲ. ಈ ಹಾಳೆಗಳ ಮೂಲೆಯಲ್ಲಿ ಬರೆದವನ ಸಹಿ ಇರುತ್ತದೆ. ಕೆಲವರು 'ಬರೆದವನು ಇಂಥವ' ಅಂತ ಹಾಕುತ್ತಾರೆ. ಕೆಲವರು 'ಅಭ್ಯಾಸ ಮಾಡಿದವನು ಇಂಥವ' ಅಂತ ಹಾಕುತ್ತಾರೆ. ಹೆಸರಿನ ಹಿಂದೆ 'ಬಡವ', 'ಪಾಪಿ' ಅಂತ ತಮ್ಮನ್ನು ತಾವೇ ಇಳಿಸಿಕೊಳ್ಳುವುದೂ ರೂಢಿ. ಒಟ್ಟೋಮನ್ ತುರ್ಕಿಯಲ್ಲಿ ಗುರು 'ಇಜಾಜತ್' ಕೊಡುವ ತನಕ ಶಿಷ್ಯ ಸಹಿ ಹಾಕುವಂತೆಯೇ ಇರಲಿಲ್ಲ. ಅಂದರೆ ನಕಲು ಮಾಡುವುದು ಕಳ್ಳತನವಲ್ಲ, ಅದೇ ಸಾಧನೆ. ಕಳ್ಳತನ ಯಾವುದೆಂದರೆ ಯಾರಿಂದ ಕಲಿತೆ ಅನ್ನುವುದನ್ನು ಮುಚ್ಚಿಡುವುದು. ನ್ಯೂಯಾರ್ಕ್‌ನ ಹುಡುಗರ 'ಕಚ್ಚುವ' ಬೈಗುಳವನ್ನೂ ಇಟ್ಟು ನೋಡಿದರೆ, ಇಬ್ಬರ ಮಾತೂ ಕೊನೆಗೆ ಒಂದೇ ಕಡೆ ಸೇರುತ್ತದೆ ಅಂತ ನನಗನ್ನಿಸುತ್ತದೆ.

*

ಸುಲ್ತಾನರ ಮಾತು ಸಾಕು, ಕೂಲಿ ಮಾಡಿದವರ ಮಾತಿಗೆ ಬರೋಣ. 1884ರಲ್ಲಿ ನಿಜಾಮರ ಸರ್ಕಾರ ಪಾರಸಿ ಬಿಟ್ಟು ಉರ್ದುವನ್ನು ಆಡಳಿತ ಭಾಷೆ ಮಾಡಿತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲೇ ಶುರುವಾಯಿತು. ಪಠ್ಯಪುಸ್ತಕಗಳನ್ನು ಅನುವಾದಿಸಲು ಒಂದು ಇಲಾಖೆಯೇ ಇತ್ತು. ಅಷ್ಟೆಲ್ಲ ಅಚ್ಚಾಗಬೇಕಲ್ಲ? ನಸ್ತಲೀಖ್ ಅಕ್ಷರ ಸಾಲಿನ ಮೇಲೆ ನೆಟ್ಟಗೆ ಕೂರುವುದಿಲ್ಲ. ಬಲಗಡೆ ಮೇಲಿನಿಂದ ಎಡಗಡೆ ಕೆಳಕ್ಕೆ ಜಾರುತ್ತದೆ, ಪಕ್ಕದ ಅಕ್ಷರ ಯಾವುದು ಅನ್ನುವುದರ ಮೇಲೆ ರೂಪ ಬದಲಿಸುತ್ತದೆ. ಸೀಸದ ಮೊಳೆಗೆ ಅದು ಬಗ್ಗುವುದೇ ಇಲ್ಲ. ಹೈದರಾಬಾದಿನಲ್ಲೇ ನಸ್ತಲೀಖ್ ಮೊಳೆ ಎರಕ ಹೊಯ್ಯುವ ಪ್ರಯತ್ನ ನಡೆಯಿತು, ಆದರೆ ಕಲ್ಲಚ್ಚನ್ನು ಮೀರಿಸಲಿಲ್ಲ.

ಕಲ್ಲಚ್ಚಿನಲ್ಲಿ 'ಕಾತಿಬ್' ಅಂದರೆ ಬರಹಗಾರನೇ ಎಲ್ಲ. ಗಂಜಿ ಬಳಿದ ಹಳದಿ ಕಾಗದದ ಮೇಲೆ ಜಿಡ್ಡಿನ ಶಾಯಿಯಿಂದ ಇಡೀ ಪುಸ್ತಕ ಕೈಯಲ್ಲಿ ಬರೆಯಬೇಕು. ಅದನ್ನು ಕಲ್ಲಿನ ಮೇಲೆ ಬೋರಲು ಹಾಕಿ ಒತ್ತಿದರೆ ಅಕ್ಷರ ಉಲ್ಟಾ ಮೂಡುತ್ತದೆ. ಅದರಿಂದ ಅಚ್ಚು. ಕಲ್ಲಿನ ಮೇಲೆ ತಪ್ಪು ಕಂಡರೆ ಅದನ್ನು ಕೆರೆದು, ಉಲ್ಟಾ ಅಕ್ಷರವನ್ನೇ ಬರೆದು ಸರಿಮಾಡುವವನು 'ಸಂಗ್‌ಸಾಜ್'. ಯೋಚಿಸಿ ನೋಡಿ, ಇನ್ನೊಬ್ಬನ ಕೈಬರಹವನ್ನು, ಅದೂ ಕನ್ನಡಿಯಲ್ಲಿ ಕಂಡ ಹಾಗೆ, ಗೊತ್ತಾಗದಂತೆ ಬರೆಯಬೇಕು! ದಿನಪತ್ರಿಕೆಗಳಲ್ಲೂ ಹಾಗೆಯೇ. 1949ರಲ್ಲಿ 'ಸಿಯಾಸತ್' ಶುರುವಾಯಿತು, 'ರಹನುಮಾಯೆ ದಖ್ಖನ್' ಅದಕ್ಕಿಂತ ಹಳೆಯದು. ಒಂದು ಪುಟವನ್ನು ನಾಲ್ಕಾರು ಜನ ಹಂಚಿಕೊಂಡು ಬರೆಯುವಾಗ ಒಬ್ಬರ ಕೈ ಇನ್ನೊಬ್ಬರ ಕೈಗೆ ಹೊಂದಬೇಕು, ಇಲ್ಲದಿದ್ದರೆ ಪುಟ ತೇಪೆಯಾಗಿ ಕಾಣುತ್ತದೆ. ಆಸ್ಥಾನದಲ್ಲಿ ಭಕ್ತಿಯಾಗಿದ್ದ ಮಶ್ಖ್ ಇಲ್ಲಿ ಹೊಟ್ಟೆಪಾಡಿನ ಅಗತ್ಯವಾಯಿತು.

ಅದು ಮುಗಿದದ್ದೂ ಒಂದು ಮಶ್ಖ್‌ನಿಂದಲೇ ಅನ್ನುವುದು ವಿಚಿತ್ರ. ಪಾಕಿಸ್ತಾನದ ಮಿರ್ಜಾ ಅಹಮದ್ ಜಮೀಲ್ ಹದಿನೆಂಟು ಸಾವಿರಕ್ಕೂ ಹೆಚ್ಚು ಕೂಡಕ್ಷರಗಳನ್ನು ತಮ್ಮ ಕೈಯಿಂದಲೇ ಬರೆದು ಮೋನೋಟೈಪ್ ಕಂಪನಿಯ ಯಂತ್ರಕ್ಕೆ ಕೊಟ್ಟರು. ಅದು 'ನೂರಿ ನಸ್ತಲೀಖ್'. 1981ರಲ್ಲಿ ಲಾಹೋರಿನ 'ಜಂಗ್' ಪತ್ರಿಕೆ ಅದರಲ್ಲಿ ಹೊರಬಂತು. 1994ರಲ್ಲಿ ದೆಹಲಿಯ ಕಂಪನಿಯೊಂದು 'ಇನ್‌ಪೇಜ್' ತಂತ್ರಾಂಶ ತಂದಿತು. ಆಮೇಲೆ ಕೆಲವೇ ವರ್ಷಗಳಲ್ಲಿ ಪತ್ರಿಕಾ ಕಚೇರಿಗಳಿಂದ ಕಾತಿಬರು ಎದ್ದು ಹೋದರು. ಒಬ್ಬ ಮನುಷ್ಯನ ಕೈ ಎಲ್ಲರ ಕೈಯನ್ನೂ ಸುಮ್ಮನಾಗಿಸಿತು. 1927ರಲ್ಲಿ ಶುರುವಾದ ಚೆನ್ನೈನ 'ಮುಸಲ್ಮಾನ್' ಪತ್ರಿಕೆ ಮಾತ್ರ ಈ ಶತಮಾನದಲ್ಲೂ ಹಟ ಹಿಡಿದು ಕೈಬರಹದಲ್ಲೇ ಬಂತು.

ಹೈದರಾಬಾದಿನಲ್ಲಿ ಕೆಲಸ ಕಳೆದುಕೊಂಡವರಲ್ಲಿ ಎಷ್ಟೋ ಜನ ಛತ್ತಾ ಬಜಾರಿಗೆ ಬಂದರು. ಮದುವೆ ಕಾರ್ಡು, ಅಂಗಡಿ ಬೋರ್ಡು, ಗೋರಿಕಲ್ಲು. ಪಂಜಗುಟ್ಟದಲ್ಲಿ ಡಾ. ಜೋರ್ ಅವರು 1931ರಲ್ಲಿ ಕಟ್ಟಿದ ಇದಾರಾ-ಎ-ಅದಬಿಯಾತ್-ಎ-ಉರ್ದು ಸಂಸ್ಥೆ ಖುಷ್‌ನವೀಸಿ ತರಗತಿ ನಡೆಸಿ ಹೊಸಬರಿಗೆ ಕಲಿಸಿದೆ. ಅತ್ತ ಯುರೋಪಿನಲ್ಲಿ, 2007ರಲ್ಲಿ, ಗೋಡೆ ಬರಹದಿಂದ ಬಂದ ಡಚ್ಚರ ನೀಲ್ಸ್ ಮ್ಯುಲ್ಮನ್ ತನ್ನ ಕೆಲಸಕ್ಕೆ 'ಕ್ಯಾಲಿಗ್ರಫಿಟಿ' ಅಂತ ಹೆಸರಿಟ್ಟ. ಎರಡು ಹೊಳೆ ಅಲ್ಲಿ ಕೂಡಿದವು.

ನಮ್ಮ ಬೋರ್ಡು ಬರೆಯುವವರದ್ದೂ ಇದೇ ಪಾಡು. ಮೊದಲೆಲ್ಲ ಇಲ್ಲಿ ಕನ್ನಡದ ಕಾರ್ಯಕ್ರಮಕ್ಕೆ ಬ್ಯಾನರು ಬರೆಯುವವರು ತೆಲುಗು ಪೇಂಟರುಗಳೇ. ಕಾಗದದ ಮೇಲೆ ನಾವು ಬರೆದುಕೊಟ್ಟರೆ ಒಮ್ಮೆ ನೋಡಿ, "ಮನ ಅಕ್ಷರಾಲೇ ಕದಾ, ಟೋಪಿ ವೇರೆ" ಅನ್ನುತ್ತಿದ್ದರು. ನಮ್ಮವೇ ಅಕ್ಷರ, ಟೋಪಿ ಬೇರೆ! ನಮ್ಮ ತಲೆಕಟ್ಟು ಅಡ್ಡ ಮಲಗುತ್ತದೆ, ಅವರದ್ದು ಸರಿ ಗುರುತಿನ ಹಾಗೆ ಮೇಲೇಳುತ್ತದೆ. ಅವರು ಹೇಳಿದ್ದು ತಪ್ಪಲ್ಲ. ಒಂದು ಕಾಲಕ್ಕೆ ಎರಡೂ ಒಂದೇ ಲಿಪಿ, ಹತ್ತೊಂಬತ್ತನೆಯ ಶತಮಾನದ ಅಚ್ಚಿನ ಮೊಳೆ ಆ ಬೇರ್ಪಡೆಯನ್ನು ಗಟ್ಟಿಮಾಡಿತು. ಆ ಪೇಂಟರು ಬರೆದ ಕನ್ನಡದಲ್ಲಿ ಸ್ವಲ್ಪ ತೆಲುಗಿನ ನಡೆ ಇರುತ್ತಿತ್ತು, ನಾವು ತಮಾಷೆ ಮಾಡುತ್ತಿದ್ದೆವು. ಫ್ಲೆಕ್ಸ್ ಬಂದ ಮೇಲೆ ಆ ನಡೆಯೂ ಹೋಯಿತು, ಅವರೂ ಹೋದರು.

*

ಈಗ ಮನೆಯ ಕಾರಣ. ನಮ್ಮ ತಾತ ಕಲಬುರ್ಗಿ ಕಡೆಯ ಸಣ್ಣ ರೈತ. 1956ರ ನವೆಂಬರ್ 1ರ ತನಕ ನಮ್ಮ ಕಲಬುರ್ಗಿ, ಬೀದರ, ರಾಯಚೂರುಗಳಿಗೆ ಹೈದರಾಬಾದೇ ರಾಜಧಾನಿ. ಹಾಗಾಗಿ ನಮ್ಮ ಹೊಲದ ಹಳೆಯ ಕಾಗದವೆಲ್ಲ ಉರ್ದುವಿನಲ್ಲಿ. ಅಪ್ಪನಿಗೆ ಉರ್ದು ಮಾತು ಬರುತ್ತಿತ್ತು, ಓದು ಬರುತ್ತಿರಲಿಲ್ಲ. ನನಗೆ ಎರಡೂ ಅರೆಬರೆ. ಅಪ್ಪ ತೀರಿಕೊಂಡ ಮೇಲೆ ದಾಯಾದಿಗಳ ಜೊತೆ ಒಂದು ಬದುವಿನ ತಕರಾರು ಎದ್ದಿತು. ಕಾಗದ ಟ್ರಂಕಿನಲ್ಲಿತ್ತು, ಓದುವವರು ಊರಲ್ಲಿ ಒಬ್ಬರೂ ಉಳಿದಿರಲಿಲ್ಲ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಕೊಂಡು ಛತ್ತಾ ಬಜಾರಿಗೆ ಹೋದೆ. ಕಾರ್ಡು ಅಂಗಡಿಯ ಮೂಲೆಯಲ್ಲಿ ಕೂತಿದ್ದ ಹಿರಿಯ ಕಾತಿಬರೊಬ್ಬರು ಕನ್ನಡಕ ಏರಿಸಿ ನೋಡಿದರು. ಬರಹ 'ಶಿಕಸ್ತಾ', ಅಂದರೆ ಮುರಿದ ಬರಹ, ಕಚೇರಿಯ ಗುಮಾಸ್ತರು ಚುಕ್ಕೆ ನುಂಗಿ ಓಡಿಸುವ ಕೈ. ಓದುವ ಮುಂಚೆ ಅವರು ಮಾಡಿದ್ದೇನು ಗೊತ್ತೇ? ಒಂದು ಕಾಗದ ತೆಗೆದುಕೊಂಡು ಆ ಗುಮಾಸ್ತನ ಅಕ್ಷರವನ್ನು ನಾಲ್ಕು ಸಾಲು ಹಾಗೆಯೇ ಬರೆದರು. "ಕೈಗೆ ಗೊತ್ತಾಗಲಿ, ಆಮೇಲೆ ಕಣ್ಣಿಗೆ ಗೊತ್ತಾಗುತ್ತದೆ" ಅಂದರು.

ಸರ್ವೆ ನಂಬರು, ಎಕರೆ, ಗುಂಟೆ, ತಾತನ ಹೆಸರು ಎಲ್ಲ ಬಂತು. ಒಂದು ಕಡೆ ನಿಂತುಬಿಟ್ಟರು. ಹೊಲದ ಹೆಸರು. "ಹಂಸೀ... ಹಂಸೀ ಅಂತ ಇದೆಯಲ್ಲ ಸಾಹೇಬ್, ಹೊಲಕ್ಕೆ ಯಾರಾದರೂ ನಗು ಅಂತ ಹೆಸರಿಡುತ್ತಾರಾ?" ಅಂತ ನಕ್ಕರು. ಅಕ್ಷರ ಒಂದೊಂದೇ ಹೇಳಿ ಅಂದೆ. ಹೇ, ನೂನ್, ಸೀನ್, ಯೇ. ಉರ್ದುವಿನಲ್ಲಿ ಸಣ್ಣ ಸ್ವರಗಳನ್ನು ಬರೆಯುವುದಿಲ್ಲ, ಓದುವವನೇ ತುಂಬಿಕೊಳ್ಳಬೇಕು. ಹ, ನ, ಸ, ಇ... ನನಗೆ ಒಮ್ಮೆಗೇ ಹೊಳೆಯಿತು. ಹುಣಸಿ! ನಮ್ಮ ಹುಣಸಿ ಹೊಲ! ಮಧ್ಯಾಹ್ನ ಬುತ್ತಿ ಬಿಚ್ಚುತ್ತಿದ್ದ ಮರದ ಹೆಸರು. ಅಕ್ಷರ ಗೊತ್ತಿದ್ದ ಅವರಿಗೆ ಕನ್ನಡ ಬರುತ್ತಿರಲಿಲ್ಲ, ಕನ್ನಡ ಬರುವ ನನಗೆ ಅಕ್ಷರ ಗೊತ್ತಿರಲಿಲ್ಲ. ಎಂಬತ್ತು ವರ್ಷದ ಹಿಂದೆ ಯಾವನೋ ಗುಮಾಸ್ತ ನಮ್ಮ ತಾತನ ಬಾಯಿಂದ ಆ ಪದ ಕೇಳಿ ತನ್ನ ಕೈಗೆ ಬಂದ ಹಾಗೆ ಬರೆದುಕೊಂಡಿದ್ದ. ಅದನ್ನು ಮತ್ತೆ ಬಿಚ್ಚಲು ಇಬ್ಬರು ಬೇಕಾದರು.

ಅವರು ದುಡ್ಡು ತೆಗೆದುಕೊಳ್ಳಲಿಲ್ಲ. ಆ ನಾಲ್ಕು ಸಾಲಿನ ಹಾಳೆಯನ್ನು ಮಾತ್ರ ನಾನು ಕೇಳಿ ಇಟ್ಟುಕೊಂಡೆ. ಬದುವಿನ ತಕರಾರು ಊರ ಹಿರಿಯರ ಮುಂದೆ ಹೇಗೋ ಬಗೆಹರಿಯಿತು. ಆದರೆ ನಮ್ಮ ಕಡೆಯ ಎಷ್ಟು ಟ್ರಂಕುಗಳಲ್ಲಿ ಇಂಥ ಕಾಗದ ಇವೆಯೋ, ಇನ್ನು ಹತ್ತು ವರ್ಷಕ್ಕೆ ಅವನ್ನು ಓದುವವರು ಯಾರೋ ಅನ್ನುವ ಯೋಚನೆ ಹೋಗಿಲ್ಲ. ನಿಮ್ಮ ಮನೆಯಲ್ಲೂ ಇದ್ದರೆ ಈಗಲೇ ಒಬ್ಬ ಹಿರಿಯರ ಕೈಯಲ್ಲಿ ಓದಿಸಿಟ್ಟುಕೊಳ್ಳಿ. ಪಕ್ಕದಲ್ಲಿ ನೀವೂ ಕೂತಿರಿ, ಯಾಕೆಂದರೆ ಅರ್ಧ ಅವರಿಗೆ ಗೊತ್ತಿರುತ್ತದೆ, ಅರ್ಧ ನಿಮಗೆ.

ನಾನೀಗ ವಾರಕ್ಕೆರಡು ದಿನ ಆ ನಾಲ್ಕು ಸಾಲನ್ನು ನೋಡಿಕೊಂಡು ಬರೆಯುತ್ತಿದ್ದೇನೆ. ಈ ವಯಸ್ಸಿನಲ್ಲಿ ಕೈ ತಿರುಗುವುದಿಲ್ಲ. ಹೇ ಅಕ್ಷರ ಇನ್ನೂ ಜಿಲೇಬಿಯ ಹಾಗೆಯೇ ಬರುತ್ತಿದೆ. ತಿದ್ದುತ್ತಿದ್ದೇನೆ.